ಇರುವೆ

‘ಇರುವೆ ಹರೀತಿದೆ’ ಅಂದ ನಾಪಾರಿ, ನಾಲ್ಕು ವರ್ಷದವ.
ಅವ್ವ ಚಾಪೆ ಕೊಡವಿದಳು, ಮೂಲೆಗೆ ಬೂದಿ ಚೆಲ್ಲಿದಳು,
ಅಂಗಿ ಮಗುಚಿ ಹೊಲಿಗೆ ಹೊಲಿಗೆ ಹುಡುಕಿದಳು.
ಒಂದೂ ಇಲ್ಲ.
‘ಸುಳ್ಳ’ ಎಂದು ಗದರಿ
ಬೆಳಗಿನವರೆಗೂ ಬೆನ್ನು ಕೆರೆದಳು.

ತಮಾಲೆಯ ದವಾಖಾನೆಯಲ್ಲಿ ನರ್ಸ್ ವುನ್‌ಪಿನಿ
ಕೇಳಿದ್ದಿಷ್ಟೇ: ಜ್ವರದ ಮಾತ್ರೆ ಎಷ್ಟು ಕೊಟ್ಟೆ?
‘ಅರ್ಧ ಅಂದಿರಿ, ಅರ್ಧವೇ.’
ಉಳಿದರ್ಧ ಚೀಟಿಯೊಳಗೆ ಹಾಗೇ ಇತ್ತು.

ಫಾರಮ್ಮಿನಲ್ಲಿ ‘ತುರಿಕೆ’ ಎಂದು ಬರೆದಳು,
ದೂರದ ಆಫೀಸಿಗೆ ತಿಳಿಯುವುದು ಅದೇ.
ಹೆಸರು: ನಾ.
ತೂಕ: ಹದಿನಾಲ್ಕು ಕಿಲೋ, ಚಪ್ಪಲಿ ಬಿಡಿಸಿ.

ಮರುದಿನದಿಂದ
ಮಾತ್ರೆ ಒಯ್ದ ಮಕ್ಕಳನ್ನೆಲ್ಲ
ಮೊಣಕಾಲೂರಿ ಕೇಳತೊಡಗಿದಳು:
ಇರುವೆ ಬಂದಿತ್ತಾ?
ಆರು ಮಂದಿ ನಕ್ಕರು.
ಏಳನೆಯವಳು ನಗಲಿಲ್ಲ,
ತಾಯಿಯತ್ತ ಒಮ್ಮೆ ನೋಡಿ
ಅಂಗೈ ಮುಂದೆ ಚಾಚಿದಳು.