ಗಂಜಿ

ಫಿಲ್ಮು ಬೆಳಕಿಗೆ ಹಿಡಿದು ಮಮದಾಪುರ ಡಾಕ್ಟರು ಅಂದರು:
ನೋಡವ್ವಾ, ಇಲ್ಲಿ ಸಂದು ಇರಬೇಕಿತ್ತು.
ನೋಡಿದೆ. ಎರಡು ಬಿಳಿ ಎಲುಬು
ಬಾಗಲಕೋಟಿ ಬಸ್ಸಿನ್ಯಾಗ ಮೂರು ಮಂದಿ ಸೀಟಿಗೆ
ಐದು ಮಂದಿ ಕುಂತಂಗ ಕುಂತಿದ್ದವು.

ನಲವತ್ತೊಂದು ವರ್ಷ ಕುಣಿಮಗ್ಗದಾಗ ಇಳಿಬಿಟ್ಟ ಕಾಲು.
ಎಡಗಾಲು ಒತ್ತಿದರ ಹಾಸು ಬಾಯಿ ತೆರೀತಿತ್ತು,
ಬಲಗಾಲು ಒತ್ತಿದರ ಲಾಳಿ ಹೊಳ್ಳಿ ಬರತಿತ್ತು.
ಗುಳೇದಗುಡ್ಡದ ಎಷ್ಟು ಖಣ
ಯಾರ್ಯಾರ ಬೆನ್ನ ಮ್ಯಾಲ ಹೋದವೋ.
ಈಗ ಮಗ್ಗ ಸುಮ್ಮನೈತಿ,
ಮೊಳಕಾಲು ಲಟಲಟ ಅಂತೈತಿ.

"ಹಯಲುರಾನಿಕ್ ಆಸಿಡ್. ಒಂದು ಸೂಜಿ ಹಾಕೂಣು."
ಆಸಿಡ್ ಅಂದಕೂಡ್ಲೆ ನನ್ನ ಗಂಡ ಕಾಲು ಜಗ್ಗಿಕೊಂಡ,
ಬಣ್ಣದ ಮನ್ಯಾಗ ಸುಟ್ಟ ಕೈ ಕಂಡಾಂವ.
ಹೆಸರಷ್ಟ ಹಂಗ, ಅಂತ ನಕ್ಕರು ಡಾಕ್ಟರು,
ಲೋಳಿಸರದಂಥಾದ್ದು, ಕೀಲಿನೊಳಗ ಇರೂದ,
ವಯಸ್ಸಾದಂಗ ತೆಳ್ಳಗಾಗತೈತಿ.
ಮೊದಲೆಲ್ಲ ಹುಂಜದ ಜುಟ್ಟಿನಿಂದ ತಗೀತಿದ್ದರು.

ಕೊರಳಾಗ ಲಿಂಗ ಇದ್ದಾಂವ ಸೂಜಿ ಕಡೆ ನೋಡಿದ.
"ಈಗ?"
"ಈಗ ಕಂಪನ್ಯಾಗ. ಕಣ್ಣಿಗೆ ಕಾಣದ ಹುಳದಿಂದ,
ದೊಡ್ಡ ಡ್ರಮ್ಮಿನ್ಯಾಗ ಹುಳಿ ಬರಿಸಿ."
ಭಾಳ ಹೊತ್ತು ವಿಚಾರ ಮಾಡಿದ.
"ದ್ವಾಸಿ ಹಿಟ್ಟಿನಂಗ," ಅಂದ.
ಕಾಲು ಚಾಚಿದ.

ನನಗ ತಿಳೀತು. ಇದು ಗಂಜಿ.
ಮದುವಿ ಆಗಿ ಬಂದ ಒಂಬತ್ತನೇ ದಿನದಿಂದ
ಓಣಿ ಉದ್ದಕ್ಕ ಹಾಸು ಬಿಗಿದು
ಬಿಸಲೇರೂಕಿಂತ ಮೊದಲ ಕುಂಚದಲೆ ನಾ ಸವರಿದ ಗಂಜಿ.
ಫಣಿಯ ಹಲ್ಲಿಗೆ ತಿಕ್ಕಿ ಎಳಿ ಜುಂಗು ಏಳಬಾರದು,
ಇಷ್ಟ ಅದರ ಕೆಲಸ.
ಹರಿದ ಎಳಿ ಅದು ಕೂಡಸೂದಿಲ್ಲ.
ಕೂಡಸೂಕ ಬೆರಳು ಬೇಕು, ಚಿಟಿಕಿ ಬೂದಿ ಬೇಕು.

"ಸವೆದ ಮೆತ್ತೆ ಹೊಸದಾಗಿ ಹುಟ್ಟೂದಿಲ್ಲವ್ವಾ.
ಉಳಿದದ್ದು ಕಾಯೂದಕ್ಕ ನೋಡೂದು.
ಆರು ತಿಂಗಳು ಆರಾಮ ಇರಬಹುದು,
ಕೆಲವರಿಗೆ ಹತ್ತೂದ ಇಲ್ಲ."
ಗೊತ್ತೈತಿರಿ, ಅಂದೆ.
ಅವರಿಗೆ ಆಶ್ಚರ್ಯ ಆದಂಗ ಕಾಣಿಸಿತು.

ಸೂಜಿ ಇಳಿಯೂಮುಂದ ಅಂವ ನನ್ನ ಕೈ ಹಿಡಿದ.
ಹಿಡಿದದ್ದು ಹೆಬ್ಬೆಟ್ಟಿನ ಬುಡಕ್ಕ,
ಕುಂಚ ಹಿಡಿದು ಹಿಡಿದು ಬಾತ ಗಂಟಿಗೆ.
ಚುಚ್ಚಿದ್ದು ಅವಗ, ಚಿಟ್ಟನ ಚೀರಿದ್ದು ನಾನು.
ಡಾಕ್ಟರು ಹೊಳ್ಳಿ ನೋಡಿದರು.
ಏನಿಲ್ಲರಿ, ಅಂದೆ.
ಒಂದು ಸೂಜಿ ರೊಕ್ಕ ತಂದಿದ್ವಿ.

ಈಗ ನಸುಕಿನ್ಯಾಗ ಮೌಲಾಸಾಬನ ಹುಂಜ ಕೂಗಿದರ
ಅಂವ ಕೌದಿಯೊಳಗ ಮೊಳಕಾಲು ಮುಟ್ಟಿ ನೋಡಿಕೋತಾನ,
"ಏನಪಾ, ಕರದಿ?" ಅಂತಾನ.
ನಾ ಎದ್ದು ಒಲಿ ಹಚ್ಚತೀನಿ.
ಗಂಜಿ ಕುದೀಬೇಕಲ್ಲ,
ಬಾಜೂ ಮನಿ ಹಾಸಿಗೆ.