ಮೂರನೇ ದೀಪ

ಸಸೂನ್ ಡಾಕಿನ ಗೇಟಿನೆದುರು, ಐಸು ಒಡೆಯುವವರ ಪಕ್ಕ
ಆರಡಿ ಅಗಲದ ನನ್ನ ಅಂಗಡಿ.
ಟೈಪಿಂಗು, ಜೆರಾಕ್ಸು, ಪಾಸ್‌ಪೋರ್ಟ್ ಸೈಜು ಫೋಟೊ.
ಕೀಬೋರ್ಡಿನ ಸಂದಿಗೂ ಬಂಗುಡೆ ವಾಸನೆ ಹತ್ತಿ
ಹದಿನೆಂಟು ವರ್ಷ.

ಜಲಜಾ ಕರ್ಕೇರ ಬಂದದ್ದು ಶನಿವಾರ,
ಸೆರಗಿನ ತುದಿಯ ಗಂಟಿನಲ್ಲಿ ಪೆನ್‌ಡ್ರೈವು.
"ಇದೊಂದು ತೆಗೆದುಕೊಡಿ ಮಾರಾಯ್ರೆ.
ಮಹಿಳಾ ಮಂಡಳಿಯ ಲೆಕ್ಕ, ನಲವತ್ತೆರಡು ಹೆಂಗಸರ ದುಡ್ಡು.
ಬರೆದವಳು ಬೀಗ ಹಾಕಿದ್ದಾಳೆ."

ಬರೆದವರು ಯಾರು?
"ಯಮುನಾ ಪುತ್ರನ್" ಎಂದಳು,
ಗಂಟಲಿಗೆ ಸಿಕ್ಕ ಮುಳ್ಳನ್ನು ಎಳೆದು ತೆಗೆದ ಹಾಗೆ.
ಪಾಸ್‌ವರ್ಡು ಕೊಡಲಿಲ್ಲವಾ?
"ಕೊಡದೆ! ಮೂರು ಸಲ ಬರೆದುಕೊಟ್ಟಳು.
ಮೂರೂ ಸಲ ಅದೇ. ಸುಳ್ಳು."

ಚೀಟಿಯಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರ, ಎರಡು ಅಂಕೆ.
ಕಾಣೆ, ಎಪ್ಪತ್ತೆರಡು.
ಮೀನಿನ ಹೆಸರೇ ಇರಬೇಕು.
ಈಗ ಓದಿದರೆ ದುಡ್ಡಿನ ಸುದ್ದಿಯ ಹಾಗೆ ಕೇಳಿಸುತ್ತದೆ.

ಎಲ್ಲರೂ ನೋಡುವುದನ್ನೇ ಮೊದಲು ನೋಡಿದೆ:
ಕ್ಯಾಪ್ಸ್ ಲಾಕು, ನಂಬರ್ ಲಾಕು,
ಕೊನೆಯಲ್ಲೊಂದು ಖಾಲಿ ಜಾಗ ನುಸುಳಿದೆಯೋ ಎಂದು.
ಇಲ್ಲ. ಪಾಸ್‌ವರ್ಡು ತಪ್ಪು ಎಂದಿತು, ಅದೇ ಸಭ್ಯ ದನಿಯಲ್ಲಿ.

ತಿದ್ದಬಾರದೆಂದು ಮಾತ್ರ ಹಾಕಿದ ಬೀಗವಾಗಿದ್ದರೆ
ಅದು ದಣಪೆಗೆ ಕಟ್ಟಿದ ಸುತಲಿ ಹಗ್ಗ, ಹಲ್ಲಲ್ಲೇ ಬಿಚ್ಚುತ್ತಿದ್ದೆ.
ಇದು ಬೇರೆ.
ಇಲ್ಲಿ ಬಾಗಿಲೇ ಇಲ್ಲ, ಮನೆಯನ್ನೇ ಪುಡಿಮಾಡಿ
ಐಸಿನ ಚೂರಿನಲ್ಲಿ ಕಲಸಿಟ್ಟಿದೆ.
ಲ್ಯಾಮಿಂಗ್ಟನ್ ರೋಡಿನವನು ಎರಡು ರಾತ್ರಿ ಮೆಶಿನ್ ಓಡಿಸಿ
ಎಂಟುನೂರು ತಗೊಂಡು ಕೈ ಝಾಡಿಸಿದನಂತೆ.

ಜಲಜಾ ಸ್ಟೂಲಿನ ಮೇಲೆ ಕೂತೇ ಹೇಳಿದಳು:
ದೀಪಾವಳಿಯಿಂದ ಭಜನೆಯಲ್ಲಿ
ಯಮುನಾಳ ಪಕ್ಕದ ಚಾಪೆ ಖಾಲಿ.
ಮಗಳ ಸೀಮಂತಕ್ಕೆ ಹೋದವರು ಆರು ಮಂದಿ,
ಉಂಡವರು ನಾಲ್ಕು.
"ಬಳೆ ಹೊಸದು ಬೇರೆ, ನೋಡಿದ್ದೇನೆ ನಾನು."

ಟೈಪು ಮಾಡಿದ್ದು ಎಲ್ಲಿ? ಸುಮ್ಮನೆ ಕೇಳಿದೆ.
"ಭಜನಾ ಮಂದಿರದ ಹಳೇ ಡಬ್ಬದಲ್ಲಿ. ಎಲ್ಲ ಕನ್ನಡ. ನುಡಿಯಲ್ಲಿ."

ನುಡಿಯಲ್ಲಿ.

ನನ್ನ ಹೊಸ ಕೀಬೋರ್ಡಿಗೆ ಎರಡೇ ದೀಪ.
ಮೇಜಿನಡಿ ತಡಕಿ ಹಳೆಯದನ್ನು ಎಳೆದೆ,
ಅಂಗಿಯಲ್ಲಿ ಒರೆಸಿದೆ.
ಮೂಲೆಯಲ್ಲಿ ಮೂರನೇ ದೀಪ, ಯಾರೂ ನೋಡದ್ದು:
ಸ್ಕ್ರಾಲ್ ಲಾಕ್.
ಅದು ಉರಿದರೆ ಬೆರಳು ಒತ್ತಿದ್ದೆಲ್ಲ ಕನ್ನಡ,
ಆರಿದರೆ ಇಂಗ್ಲಿಷು.

ಅವಳು ಒತ್ತಿದ್ದು ಚೀಟಿಯ ಅಕ್ಷರಗಳನ್ನೇ.
ದೀಪ ಉರಿಯುತ್ತಿತ್ತು.
ಒಳಗೆ ಹೋದದ್ದು ಬೇರೇನೋ,
ಪರದೆಯ ಮೇಲೆ ಬರೀ ಕಪ್ಪು ಚುಕ್ಕಿ,
ಚುಕ್ಕಿಗೆ ಯಾವ ಭಾಷೆ?
ಇನ್ನೊಮ್ಮೆ ಬರೆ ಅಂದಿತು, ಇನ್ನೊಮ್ಮೆ ಹಾಗೇ ಬರೆದಳು.
ಎರಡೂ ಒಂದೇ. ಮೆಶಿನ್ನಿಗೆ ಸಮಾಧಾನ.

ದೀಪ ಹಚ್ಚಿದೆ. ಕಾಣೆ, ಎಪ್ಪತ್ತೆರಡು. ಎಂಟರ್.

ತೆರೆಯಿತು.

ನಲವತ್ತೆರಡು ಹೆಸರು, ತಿಂಗಳು ತಿಂಗಳಿನ ಇನ್ನೂರು,
ಐಸಿನ ಬಾಕಿ, ಹಾರ್ಮೋನಿಯಂ ರಿಪೇರಿ,
ಶಾಂಭವಿ ಸಾಲಿಯಾನಳ ಆಪರೇಷನ್ನಿಗೆ ಕೊಟ್ಟದ್ದು,
ವಾಪಸು ಕೇಳಬಾರದು ಎಂದು ಪಕ್ಕದಲ್ಲಿ ಬರೆದದ್ದು.
ಕಟ್ಟಕಡೆಗೆ:
ಹನ್ನೊಂದು ರೂಪಾಯಿ ತಾಳೆಯಾಗುವುದಿಲ್ಲ,
ನನ್ನ ಕೈಯಿಂದ ಹಾಕಿದ್ದೇನೆ. ಯ. ಪು.

ಜಲಜಾ ಎರಡು ಸಲ ಓದಿದಳು, ತುಟಿ ಅಲ್ಲಾಡಿಸುತ್ತ.
ಹೊರಗೆ ಐಸಿನ ಹಾಸು ಒಡೆದ ಸದ್ದು.
"ಪ್ರಿಂಟು ತೆಗೀರಿ" ಅಂದಳು. ಒಂಬತ್ತು ಹಾಳೆ, ನಲವತ್ತೈದು ರೂಪಾಯಿ.

ಆಮೇಲೆ ಫೋನು ತೆಗೆದು
ನನ್ನ ಮೇಜಿನ ಮೇಲಿಟ್ಟು,
ನನ್ನನ್ನು ನೋಡದೆ:
"ಬ್ಲಾಕ್ ಮಾಡಿದ ನಂಬರು ಬಿಡಿಸುವುದು ಹೇಗೆ?
ಅದಕ್ಕೆ ಬೇರೆ ದುಡ್ಡಾ?"

ಒತ್ತಬೇಕಾದ ಜಾಗ ತೋರಿಸಿದೆ.
ಬೆರಳಿನಲ್ಲಿ ಮೀನಿನ ಹುರುಪೆಯೊಂದು ಅಂಟಿತ್ತು.
ಸೆರಗಿನಲ್ಲಿ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು,
ಹಾಳೆಗಳ ಬಿಸಿ ಆರುವ ತನಕ
ಹಾಗೇ ನಿಂತಿದ್ದಳು.