ಗೌನಿನ ಒಳಕಿಸೆ

ಟಿಕಾರೆ ರೋಡಿನ ಆರಡಿ ಅಂಗಡಿಯಲ್ಲಿ
ಅಪ್ಪ ನೂರಾ ನಲವತ್ತು ಗೌನು ಇಟ್ಟಿದ್ದ.
ವರ್ಷಕ್ಕೆ ಒಂದೇ ದಿನ ಅವಕ್ಕೆ ಬಿಸಿಲು.
ಉಳಿದಂತೆ ನುಸಿಗುಳಿಗೆಯ ವಾಸನೆಯೊಳಗೆ
ತೋಳು ಮಡಚಿ ಮಲಗಿರುತ್ತಿದ್ದವು,
ಇನ್ನೂ ಪಾಸಾಗದವರ ಹಾಗೆ.

ಪೇಂಟರ್ ತಪ್ಪಿದ್ದನೋ, ಅಪ್ಪನೇ ಹೇಳಿ ಬರೆಸಿದ್ದನೋ, ಬೋರ್ಡಿನ ಮೇಲೆ
'ಗಟ್ಟಿಕೋತ್ಸವದ ಗೌನು ಬಾಡಿಗೆಗೆ ಸಿಗುತ್ತವೆ.'
ನಕ್ಕವರಿಗೆ ಅವನದು ಒಂದೇ ಉತ್ತರ:
"ಹೌದಲ್ರೀ, ಹುಡುಗ್ರು ಗಟ್ಟಿ ಆದ್ರು ಅಂತ ಮಾಡೂ ಉತ್ಸವ.
ಅರಿವಿ ಗಟ್ಟಿ ಇರಬೇಕು, ಕಾಳು ಗಟ್ಟಿ ಇರಬೇಕು,
ಡಿಗ್ರಿ ಮೆತ್ತಗಿದ್ರ ಹೆಂಗ?"

ಸವಡಿ ಮಾಸ್ತರು ಮಾತ್ರ ನಗಲಿಲ್ಲ.
ತಮ್ಮದೇ ಗೌನು ಹೊಲಿಸಲು ಅಳತೆ ಕೊಡುತ್ತ
ಶಬ್ದ ಬಿಚ್ಚಿದರು, ಹಳೇ ಕೋಟಿನ ಅಸ್ತರು ಬಿಚ್ಚಿದಂತೆ:
"ಘಟಿಕೆ ಅಂದ್ರ ವಿದ್ವಾಂಸರು ಕೂಡೂ ಜಾಗ, ಏಕನಾಥ.
ಅದರ ಕೆಳಗ ಇನ್ನೊಂದು ಪದರೈತಿ: ಸಣ್ಣ ಗಡಿಗಿ.
ತಳದಾಗೊಂದು ತೂತು. ನೀರಿನ ಮ್ಯಾಲ ಬಿಡೂದು.
ನೀರು ಏರಿ ಏರಿ, ತುಂಬಿ, ಬುಳುಕ್ ಅಂತ ಮುಳುಗಿದ್ರ
ಒಂದು ಘಟಿಕೆ. ಆಡಿ ಆಡಿ ಸವದು ಅದ ನಮ್ಮ ಗಳಿಗಿ.
ಮದುವ್ಯಾಗ ಗಳಿಗಿ ಬಟ್ಟಲ ನೋಡೀ ಇಲ್ಲೋ?"

ಅಪ್ಪ ಬಾಯಲ್ಲಿದ್ದ ಗುಂಡುಪಿನ್ನು ತೆಗೆದ.
"ಮುಳುಗಿದ ಮ್ಯಾಲ?"
"ಏನೈತಿ, ಎತ್ತಿ, ಚೆಲ್ಲಿ, ಮತ್ತ ಬಿಡೂದು."
"ಹಂಗಾರ ಇದು ಮುಗದದ್ದಕ್ಕ ಹಬ್ಬನೋ, ಸುರು ಆದದ್ದಕ್ಕೋ?"
"ಕಡಲಾಚೆ ಒಂದು ದೇಶದಾಗ ಈ ದಿನಕ್ಕ
ಆರಂಭ ಅಂತನ ಹೆಸರಂತ."
ಬೆಂಚಿನ ಮೇಲೆ ಮಗಳ ಗೌನಿಗೆ ಕಾದಿದ್ದ ಅಣ್ಣಿಗೇರಿಯವನು
ನಡುವೆ ಬಾಯಿ ಹಾಕಿದ:
"ಆರಂಭ ನಾವು ವರ್ಷಾ ಮಾಡ್ತೀವಲ್ರೀ, ಎಂಟು ಎಕರೆ ಎರಿ."
ಮಾಸ್ತರು ಏನೋ ಹೇಳಹೋಗಿ, ಟೇಪಿನೊಳಗೆ ಕತ್ತು ತಿರುಗಿಸಿ,
"ಹದಿನೈದೂವರಿ ಬರ್ಕೋ" ಅಂದರು.

ಅವರು ಹೋದ ಮೇಲೂ ಅಪ್ಪ ಬೋರ್ಡು ತಿದ್ದಿಸಲಿಲ್ಲ.
ಮಷೀನಿನ ಮುಂದೆ ನನ್ನ ಕೂಡಿಸಿ
ಗೊತ್ತಿದ್ದದ್ದನ್ನೇ ಮತ್ತೆ ತೋರಿಸಿದ:
ಸುರು ಮಾಡುವಾಗ ಎರಡು ಹೊಲಿಗೆ ಹಿಂದೆ,
ಮುಗಿಸುವಾಗಲೂ ಎರಡು ಹಿಂದೆ.
ಇಲ್ಲದಿದ್ದರೆ ದಾರ ಕೈಬಿಡುತ್ತದೆ.
"ಈಗ ಅರಿವಿ ತಿರುವಿ ಹಿಡಿ.
ಸುರು ಯಾವ ಕಡೆ, ಕಡೀ ಯಾವ ಕಡೆ, ಹೇಳು?"
ಹೇಳಲಾಗಲಿಲ್ಲ.

ಗೌನಿಗೆ ಕಿಸೆ ಇರುವುದಿಲ್ಲ. ಅಪ್ಪ ಇಟ್ಟ,
ಎಡಪಕ್ಕೆಗೆ, ಯಾರೂ ಕೇಳದ, ನಾಲ್ಕು ಬೆರಳಗಲದ ಒಳಕಿಸೆ.
ಸಂಜೆ ಮರಳಿದವನ್ನು ಝಾಡಿಸುವುದು ನನ್ನ ಕೆಲಸ:
ಹುರಿದ ಶೇಂಗಾ, ಗದಗಿನ ಬಸ್ ಟಿಕೆಟು,
ಅರ್ಧ ಕಡಿದ ಪೇಢೆ,
'ನಾಳಿಂದ ಏನು?' ಎಂದಷ್ಟೇ ಬರೆದ ಚೀಟಿ.
ಒಮ್ಮೆ ಕೂಸಿನ ಕಾಲ್ಗೆಜ್ಜೆ. ಅದನ್ನು ಹುಡುಕುತ್ತ
ರಾತ್ರಿ ಎಂಟಕ್ಕೆ ಹಾವೇರಿಯ ಹೆಂಗಸೊಬ್ಬಳು ಓಡಿಬಂದಳು.
ಗೆಜ್ಜೆ ಸಿಕ್ಕಿತು. ಡಿಗ್ರಿಯ ಸುರುಳಿ
ನಮ್ಮ ಬೆಂಚಿನ ಮೇಲೇ ಉಳಿಯಿತು.

ನನ್ನ ವರ್ಷ ಬಂತು.
ಎಲ್ಲ ಬಾಡಿಗೆ ಹೋಗಿ, ಕೊನೆಗೆ ಬಂದ ಉದ್ದನೆಯ ಹುಡುಗ
ಅಳುಮೋರೆ ಮಾಡಿದಾಗ
ನನಗೆಂದು ತೆಗೆದಿಟ್ಟಿದ್ದನ್ನು ನಾನೇ ಕೊಟ್ಟೆ.
ಅಪ್ಪ ನೋಡಿಯೂ ಸುಮ್ಮನಿದ್ದ. ಮುಂಗಡ ಬರೆದುಕೊಂಡ.
ಅಲ್ಲಿ ಗುಡ್ಡದ ಮೇಲಿನ ಸಭಾಂಗಣದಲ್ಲಿ
ಸಾವಂತ್ರಿ ಏಕನಾಥ ಬೊಂಗಾಳೆ
ಗೈರುಹಾಜರಿಯಲ್ಲಿ ಪದವೀಧರೆಯಾದಳು.
ಇಲ್ಲಿ ನಾನು ಇಸ್ತ್ರಿಗೆ ಇದ್ದಿಲು ಹಾಕುತ್ತಿದ್ದೆ.
ಯಾವ ಗಳಿಗೆಗೆ ಆಯಿತೆಂದು ತಿಳಿಯಲಿಲ್ಲ.

ಸಂಜೆ ಆ ಹುಡುಗನ ಗೌನು ಬಂತು, ತೋಳಿಗೆ ಕೆಮ್ಮಣ್ಣು.
ಕಿಸೆಯಲ್ಲಿ ಏನೂ ಇರಲಿಲ್ಲ.
ಬೆರಳು ಇಳಿಸಿದೆ. ತಳದಲ್ಲಿ ತೂತು.
ಅಪ್ಪನ ಹೊಲಿಗೆ ಮೊದಲ ಸಲ ಬಿಟ್ಟಿತ್ತು.
ಬೆರಳ ತುದಿ ಆಚೆ ಹೊರಟು ತಣ್ಣಗಾಯಿತು.

ಅಪ್ಪ ಬಾಗಿಲ ಹಲಗೆ ಜೋಡಿಸುತ್ತಿದ್ದ.
"ಹೊಲದ ಬಿಡ್ಲೇನು?" ಅಂದೆ.
"ನಾಳೆ," ಅಂದ,
"ಚಾಲೂ ಮಾಡಾಕ ಏನರ ಬೇಕಲ್ಲ."